ಸನ್ನತಿಯ ಕಲ್ಲು ಹಚ್ಚಿದ ಹುಚ್ಚು

ಕಲಬುರಗಿಯ ಒಂದು ದಾಲ್ ಮಿಲ್‌ನಲ್ಲಿ ನಾನು ಲೆಕ್ಕ ಬರೆಯುತ್ತೇನೆ. ಕಾದಂಬರಿ ಓದಿ ಬೆಳೆದವನು. ಇತಿಹಾಸದ ಪುಸ್ತಕ ಅಂದರೆ ಇಸವಿ ಬಾಯಿಪಾಠ ಮಾಡಿದ ಶಾಲೆ ದಿನಗಳೇ ನೆನಪಾಗುತ್ತಿದ್ದವು. ಮೂವತ್ತು ದಾಟುವ ತನಕ ಅದರ ಕಡೆ ತಿರುಗಿಯೂ ನೋಡಿರಲಿಲ್ಲ.

ನಮ್ಮ ಜಿಲ್ಲೆಯ ಸನ್ನತಿ ಊರಿನ ಚಂದ್ರಲಾಂಬೆ ನಮ್ಮ ಮನೆದೇವರು. ಭೀಮೆಯಲ್ಲಿ ಸ್ನಾನ, ಹೋಳಿಗೆ ನೈವೇದ್ಯ, ಸಂಜೆಗೆ ವಾಪಸ್, ವರ್ಷಕ್ಕೊಮ್ಮೆ ಇಷ್ಟೇ. ಒಂದು ದಿನ ಗ್ರಂಥಾಲಯದಲ್ಲಿ ಶಾಸನಗಳ ಪುಸ್ತಕ ಸುಮ್ನೆ ತಿರುವುತ್ತಿದ್ದಾಗ ಆ ಊರ ಹೆಸರು ಕಂಡಿತು. 1986ರಲ್ಲಿ ಅದೇ ಆವರಣದ ಕಾಳಿ ಗುಡಿಯ ಚಾವಣಿ ಕುಸಿಯಿತಂತೆ. ಮೂರ್ತಿಯ ಪೀಠವಾಗಿದ್ದ ಕಲ್ಲನ್ನು ನೋಡಿದರೆ ಎರಡೂ ಬದಿಗೆ ಬ್ರಾಹ್ಮಿ ಎಂಬ ಹಳೆಯ ಲಿಪಿಯ ಅಕ್ಷರ. ಅಶೋಕನ ಶಾಸನ! ಅಲ್ಲೇ ನಿಂತು ಮೂರು ಸಲ ಓದಿದೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಸಂಗತಿ. ಮೂರ್ತಿ ಕೂರಿಸಲು ಆ ಕಲ್ಲಿನಲ್ಲಿ ಚೌಕಾಕಾರದ ತೂತು ಕೊರೆದಿದ್ದರು. ಅಲ್ಲಿದ್ದ ಅಕ್ಷರಗಳೆಲ್ಲ ಹೋದವು. ಪುಸ್ತಕದಲ್ಲಿ ಆ ಜಾಗಕ್ಕೆ ಬರೀ ಚುಕ್ಕಿ ಇಟ್ಟಿದ್ದರು. ಒಡಿಶಾದ ಧೌಲಿ, ಜೌಗಡದಲ್ಲಿ ಇದೇ ಮಾತುಗಳ ಶಾಸನ ಸಿಕ್ಕಿವೆ. ಅದರ ನೆರವಿನಿಂದ ಊಹಿಸಿದ ಅಕ್ಷರಗಳು ಕಂಸದೊಳಗೆ ಇದ್ದವು. ಕಂಡದ್ದು ಇಷ್ಟು, ಊಹಿಸಿದ್ದು ಇಷ್ಟು ಅಂತ ಬೇರೆ ಬೇರೆ ತೋರಿಸಿದ್ದರು. ವೋಚರ್ ಇಲ್ಲದ ಖರ್ಚನ್ನು ನಾನು ಖಾತೆಗೆ ಹಾಕುವುದಿಲ್ಲ. ಇಂಥ ಬರವಣಿಗೆ ನನ್ನದೇ ಜಾತಿಯದು ಅನ್ನಿಸಿತು.

ಅಂದಿನಿಂದ ನನ್ನ ಓದಿನ ರೀತಿಯೇ ಬದಲಾಯಿತು. ಪುಸ್ತಕ ಕೈಗೆ ಬಂದರೆ ಮೊದಲು ಕೊನೆಯ ಪುಟಗಳಿಗೆ ಹೋಗುತ್ತೇನೆ. ಪದಸೂಚಿಯಲ್ಲಿ ನಮ್ಮ ಕಡೆಯ ಮಳಖೇಡ, ಶಹಾಬಾದ್ ಇವೆಯಾ ಅಂತ ಹುಡುಕುತ್ತೇನೆ. ಇದ್ದರೆ ಆ ಪುಟದಿಂದಲೇ ಶುರು. ಜೊತೆಗೊಂದು ಚೀಟಿ ಇರುತ್ತದೆ, ಅದರ ಮೇಲೆ ಒಂದೇ ಪ್ರಶ್ನೆ: ಇದು ಹೇಗೆ ಗೊತ್ತಾಯಿತು? ನಲವತ್ತು ಪುಟ ಓದಿದರೂ ಉತ್ತರ ಸಿಗದಿದ್ದರೆ ಪುಸ್ತಕ ವಾಪಸ್ ಕೊಡುತ್ತೇನೆ. ಕಾದಂಬರಿಗೆ ಈ ಪ್ರಶ್ನೆ ಕೇಳಬಾರದು, ಅದರ ಸುಖವೇ ಬೇರೆ. ಈಗಲೂ ಓದುತ್ತೇನೆ, ಆದರೆ ಕಡಿಮೆ.

ಈ ಪ್ರಶ್ನೆ ಎಲ್ಲೆಲ್ಲಿಗೋ ಕರೆದುಕೊಂಡು ಹೋಗುತ್ತದೆ. ಹೆಚ್ಚಿನ ಶಾಸನಗಳಲ್ಲಿ ಅಶೋಕನ ಹೆಸರೇ ಇಲ್ಲ, ಬರೀ ‘ದೇವಾನಾಂಪ್ರಿಯ’, ಅಂದರೆ ದೇವರಿಗೆ ಪ್ರಿಯನಾದವನು ಅನ್ನುವ ಬಿರುದು. ಜೇಮ್ಸ್ ಪ್ರಿನ್ಸೆಪ್ ಎಂಬ ಇಂಗ್ಲಿಷ್ ವಿದ್ವಾಂಸರು 1837ರ ಹೊತ್ತಿಗೆ ಬ್ರಾಹ್ಮಿ ಲಿಪಿ ಓದಿದ್ದರು. ಆದರೆ ಹೆಸರೇ ಕೆತ್ತಿದ ಶಾಸನ ಸಿಕ್ಕಿದ್ದು 1915ರಲ್ಲಿ, ನಮ್ಮ ಭಾಗದ್ದೇ ಆದ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ. ಚಿನ್ನ ಹುಡುಕುತ್ತಿದ್ದ ಬೀಡನ್ ಎಂಬ ಗಣಿ ಎಂಜಿನಿಯರ್ ಕಣ್ಣಿಗೆ ಬಿತ್ತು. ಸನ್ನತಿ ಮಗ್ಗುಲಿನ ಕನಗನಹಳ್ಳಿ ಸ್ತೂಪದ ಉತ್ಖನನದಲ್ಲಂತೂ ಅಶೋಕನ ಶಿಲ್ಪವೇ ಸಿಕ್ಕಿತು, ಹೆಸರಿನ ಸಮೇತ.

ಹೋದ ಮೇ ತಿಂಗಳಲ್ಲಿ ಆ ಶಿಲ್ಪದ ಫೋಟೊ ಇರುವ ಪುಸ್ತಕ ತಂದಿದ್ದೆ. ಮಧ್ಯಾಹ್ನದ ಬಿಸಿಲಿಗೆ ಬಾಗಿಲು ಹಾಕಿಕೊಂಡು ನಾನು, ಮಗಳು ನೆಲದ ಮೇಲೆ ಕೂತೆವು. ಒಂದು ಕಡೆ ಫೋಟೊ, ಇನ್ನೊಂದು ಕಡೆ ಬ್ರಾಹ್ಮಿ ಅಕ್ಷರಮಾಲೆ. ಶಿಲ್ಪದಲ್ಲಿ ಕೆತ್ತಿದ ಹೆಸರಿನ ಕೊನೆಯ ಅಕ್ಷರದ ಮೇಲೆ ಮಗಳು ಬೆರಳಿಟ್ಟು, "ಅಪ್ಪಾ, ಇದು ಪ್ಲಸ್ ಅಲ್ವಾ?" ಅಂದಳು. ಹೌದು, ಬ್ರಾಹ್ಮಿಯಲ್ಲಿ ‘ಕ’ ಪ್ಲಸ್ ಗುರುತಿನ ಹಾಗೇ ಇರುತ್ತದೆ. ಅದರ ನೆತ್ತಿಯ ಗೆರೆ ಹುಡುಕಿ ‘ಕೋ’ ಮಾಡಿದೆವು. ಅಲ್ಲಿಂದ ಹಿಂದಕ್ಕೆ ಸರಿಯುತ್ತಾ ‘ಸೋ’, ಆಮೇಲೆ ‘ಅ’. ಅಸೋಕೋ. ಅವಳು ಎದ್ದು ಅಡುಗೆಮನೆಗೆ ಓಡಿದಳು, ಅಮ್ಮನನ್ನು ಕರೆದು ತೋರಿಸಲು.