ಹಳೇ ರೇಡಿಯೋದ ಗ್ಯಾಂಗು, ಪಿವಿಸಿ ಪೈಪಿನ ಮೇಲೆ 20 ಸುತ್ತು: ಮನೆಯಲ್ಲೇ ಮಾಡಿ ಆಂಟೆನಾ ಟ್ಯೂನರ್

ತರ್ಟಿ-ಫಾರ್ಟಿ ಸೈಟಿನಲ್ಲಿ ಮನೆ ಕಟ್ಟಿಕೊಂಡವರಿಗೆ ಹ್ಯಾಮ್ ರೇಡಿಯೋದ, ಅಂದರೆ ಲೈಸೆನ್ಸ್ ಪಡೆದು ಹವ್ಯಾಸಕ್ಕಾಗಿ ಪ್ರಸಾರ ಮಾಡುವ, ಹುಚ್ಚು ಹಿಡಿದರೆ ಮೊದಲ ಜಗಳ ಟೇಪಿನ ಜೊತೆಗೇ. 40 ಮೀಟರ್ ಬ್ಯಾಂಡಿಗೆ, ಅಂದರೆ ನಮ್ಮಲ್ಲಿ 7.0ರಿಂದ 7.2 ಮೆಗಾಹರ್ಟ್ಸ್‌ವರೆಗಿನ ಜಾಗಕ್ಕೆ, ಡೈಪೋಲ್ (ನಡುವೆ ಕೇಬಲ್ ಸೇರಿಸುವ ನೇರ ತಂತಿಯ ಆಂಟೆನಾ) ಕಟ್ಟಲು 66 ಅಡಿ ಉದ್ದ ಬೇಕು. ಸೈಟಿನ ಈ ಮೂಲೆಯಿಂದ ಆ ಮೂಲೆಗೆ ಓರೆಯಾಗಿ ಎಳೆದರೂ ಸಿಗುವುದು 50 ಅಡಿ. ಮಿಕ್ಕ 16 ಅಡಿಗಾಗಿ ಪಕ್ಕದ ಮನೆಯವರ ಮುಂದೆ ಹಲ್ಲು ಗಿಂಜಬೇಕು. ನಾನು ಗಿಂಜಿ ನೋಡಿದ್ದೇನೆ, ಆಗಲಿಲ್ಲ.

ಹಾಗಾಗಿ ಇರುವ 50 ಅಡಿ ತಂತಿಯನ್ನೇ ಕಟ್ಟಿ, ಅದರ ಬುಡಕ್ಕೊಂದು ಟ್ಯೂನರ್ ಕೂರಿಸುವುದು ಸುಲಭದ ದಾರಿ. ಟ್ಯೂನರ್ ತಂತಿಯನ್ನು ಉದ್ದ ಮಾಡುವುದಿಲ್ಲ, ಕೆಟ್ಟ ಆಂಟೆನಾವನ್ನು ಒಳ್ಳೆಯದನ್ನಾಗಿಯೂ ಮಾಡುವುದಿಲ್ಲ. ರಿಗ್ಗಿಗೆ, ಅಂದರೆ ಪ್ರಸಾರ ಮಾಡುವ ಸೆಟ್ಟಿಗೆ, ತನ್ನೆದುರು 50 ಓಮ್ ಇದ್ದರೆ ಸಮಾಧಾನ. ಈ ಹೊಂದಿಕೆ ಎಷ್ಟು ತಪ್ಪಿದೆ ಎಂದು ಹೇಳುವ ಅಳತೆ ಎಸ್‌ಡಬ್ಲ್ಯೂಆರ್. 1 ಇದ್ದರೆ ಸರಿ, 3ಕ್ಕೆ ಏರಿತೆಂದರೆ ಕಳಿಸಿದ ಶಕ್ತಿಯ ಕಾಲು ಭಾಗ ಹಿಂದಕ್ಕೆ ಬರುತ್ತದೆ. ಕಂಪನಿಯ ರಿಗ್ ಆದರೆ ತಾನೇ ಪವರ್ ಇಳಿಸಿಕೊಂಡು ಬದುಕುತ್ತದೆ. ಹೈದರಾಬಾದಿನ ಅಶ್ಹರ್ ಫರ್ಹಾನ್ ರೂಪಿಸಿದ ಬಿಟ್‌ಎಕ್ಸ್‌ನಂಥ ಸರಳ ಸೆಟ್ಟನ್ನು ಕೈಯಾರೆ ಜೋಡಿಸಿದವರಿಗೆ ಆ ಧೈರ್ಯವಿಲ್ಲ. ಕೊನೆಯ ಟ್ರಾನ್ಸಿಸ್ಟರೇ ಏಟು ತಿನ್ನುತ್ತದೆ. ತಂತಿಯ ವಿಚಿತ್ರ ಓಮ್‌ಗಳನ್ನು 50 ಮಾಡಿ ತೋರಿಸುವುದಷ್ಟೇ ಟ್ಯೂನರಿನ ಕೆಲಸ.

ಇಲ್ಲಿಂದ ಮುಂದಿನ ಮಾತೆಲ್ಲ ಲೈಸೆನ್ಸ್ ಇದ್ದವರಿಗೆ. ಸಂವಹನ ಸಚಿವಾಲಯದ ಪರೀಕ್ಷೆ ಪಾಸು ಮಾಡಿ, ವಿಯು2 ಅಥವಾ ವಿಯು3ರಿಂದ ಶುರುವಾಗುವ ಕಾಲ್‌ಸೈನ್ ಕೈಗೆ ಬರುವವರೆಗೆ ಪಿಟಿಟಿ (ಪ್ರಸಾರ ಶುರುಮಾಡುವ ಮೈಕಿನ ಗುಂಡಿ) ಒತ್ತುವಂತಿಲ್ಲ.

ಟಿ ಬೇಡ, ಎಲ್ ಸಾಕು

ಅಂಗಡಿಯಲ್ಲಿ ಸಿಗುವ, ಕೈಯಿಂದ ತಿರುಗಿಸುವ ಟ್ಯೂನರುಗಳಲ್ಲಿ ಹೆಚ್ಚಿನವು 'ಟಿ' ಜಾತಿಯವು: ಎರಡು ಕಂಡೆನ್ಸರ್, ನಡುವೆ ಒಂದು ಕಾಯಿಲ್. ಎಂಥ ತಂತಿಯನ್ನೂ ಒಲಿಸುತ್ತವೆ, ಒಪ್ಪಿದೆ. ಆದರೆ ಒಂದೇ ತಂತಿಗೆ ನಾಬಿನ ಹಲವು ಜಾಗಗಳಲ್ಲಿ ಮ್ಯಾಚ್ (50 ಓಮಿಗೆ ಹೊಂದಿಕೆ) ತೋರಿಸುವುದೂ ಅವುಗಳ ಗುಣ. ಮೀಟರ್ 1:1 ಅನ್ನುತ್ತಿರುತ್ತದೆ, ಶಕ್ತಿಯೆಲ್ಲ ಕಾಯಿಲ್ ಬಿಸಿ ಮಾಡುತ್ತಿರುತ್ತದೆ. ಜೊತೆಗೆ ಆ ಎರಡೂ ಕಂಡೆನ್ಸರುಗಳ ಯಾವ ತುದಿಯೂ ಅರ್ಥಿಗೆ ಸೇರಿರುವುದಿಲ್ಲವಾದ್ದರಿಂದ ಅವುಗಳ ಕಡ್ಡಿಯನ್ನೂ ನಾಬನ್ನೂ ಡಬ್ಬದಿಂದ ಬೇರ್ಪಡಿಸುವ ತಲೆನೋವು.

'ಎಲ್' ಜಾತಿಯದಕ್ಕೆ ಒಂದು ಕಾಯಿಲ್, ಒಂದು ಕಂಡೆನ್ಸರ್ ಸಾಕು. ಕಂಡೆನ್ಸರಿನ ಒಂದು ತುದಿ ಯಾವಾಗಲೂ ಅರ್ಥಿಗೇ. ಒಂದು ಸಣ್ಣ ಟಾಗಲ್ ಸ್ವಿಚ್ ಇಟ್ಟು ಅದರ ಇನ್ನೊಂದು ತುದಿಯನ್ನು ಕಾಯಿಲಿನ ಆಂಟೆನಾ ಬದಿಗಾದರೂ ರಿಗ್ ಬದಿಗಾದರೂ ಹಾಯಿಸಬಹುದು. ತಂತಿಯ ಓಮ್ 50ಕ್ಕಿಂತ ಹೆಚ್ಚಿದ್ದರೆ ಆಂಟೆನಾ ಬದಿ, ಕಡಿಮೆಯಿದ್ದರೆ ರಿಗ್ ಬದಿ. ಈ ಟ್ಯೂನರಿನ ಮುಕ್ಕಾಲು ಜಾಣತನ ಆ ಸ್ವಿಚ್ಚಿನಲ್ಲಿದೆ.

ಒಂದು ಲೆಕ್ಕ ಹಾಕಿ ನೋಡೋಣ. 7.1 ಮೆಗಾಹರ್ಟ್ಸ್‌ನಲ್ಲಿ 200 ಓಮ್ ತೋರಿಸುವ ಆಂಟೆನಾವನ್ನು 50ಕ್ಕೆ ಇಳಿಸಲು ಬೇಕಾದ ಕಾಯಿಲ್ 1.94 ಮೈಕ್ರೋಹೆನ್ರಿ, ಕಂಡೆನ್ಸರ್ 194 ಪಿಕೋಫ್ಯಾರಡ್. ಎರಡೂ ಮನೆಯಲ್ಲೇ ಹುಟ್ಟಿಸಬಹುದಾದ ಅಳತೆಗಳು.

ಕಾಯಿಲ್

32 ಮಿಲಿಮೀಟರ್ ಹೊರವ್ಯಾಸದ ಪಿವಿಸಿ ಪೈಪನ್ನು ಗೇಣುದ್ದ ಕತ್ತರಿಸಿಕೊಳ್ಳಿ. 18 ಗೇಜಿನ ಎನಾಮೆಲ್ ತಾಮ್ರದ ತಂತಿ ಎರಡೂವರೆ ಮೀಟರ್ ಬೇಕು. ಎಲೆಕ್ಟ್ರಾನಿಕ್ಸ್ ಅಂಗಡಿಗೆ ಅಲೆಯಬೇಡಿ, ಮೋಟಾರ್ ವೈಂಡಿಂಗ್ ಮಾಡುವವರ ಹತ್ತಿರ ತೂಕಕ್ಕೆ ಸಿಗುತ್ತದೆ. ಪೈಪಿನ 50 ಮಿಲಿಮೀಟರ್ ಉದ್ದದೊಳಗೆ 20 ಸುತ್ತು ಬರಬೇಕು. ಸುತ್ತುಗಳ ನಡುವೆ ಸಮನಾದ ಸಂದು ಬಿಡಲು ತಂತಿಯಷ್ಟೇ ದಪ್ಪದ ದಾರವನ್ನು ತಂತಿಯ ಜೊತೆಗೇ ಸುತ್ತಿ, ಆಮೇಲೆ ದಾರ ಬಿಚ್ಚಿಬಿಡಿ. ಹೀಗೆ ಸುತ್ತಿದ ಕಾಯಿಲ್ ಸುಮಾರು 6 ಮೈಕ್ರೋಹೆನ್ರಿ ಕೊಡುತ್ತದೆ.

ಟ್ಯಾಪ್, ಅಂದರೆ ಕಾಯಿಲಿನ ನಡುನಡುವೆ ಸಂಪರ್ಕ, ತೆಗೆಯುವಾಗ ತಾಳ್ಮೆ ಬೇಕು. ಸುತ್ತುತ್ತ ಹೋಗುವಾಗಲೇ 1, 2, 3, 4, 6, 8, 10, 12, 14, 17ನೇ ಸುತ್ತುಗಳಲ್ಲಿ ತಂತಿಯನ್ನು ಸಣ್ಣ ಕುಣಿಕೆಯಾಗಿ ಹೊರಳಿಸಿ. ಕುಣಿಕೆಯ ಎನಾಮೆಲ್ಲನ್ನು ಬ್ಲೇಡಿನಿಂದ ಪೂರ್ತಿ ಕೆರೆದು ಸೀಸ ಹಿಡಿಸಿ. ಬೆಸುಗೆ ಹಾಕುವಾಗ ಕುಣಿಕೆಯಡಿ ಒಂದು ಬೆಂಕಿಕಡ್ಡಿ ತೂರಿಸಿಡಿ, ಇಲ್ಲವಾದರೆ ಪೈಪು ಕರಗಿ ಕಾಯಿಲ್ ಸೊಟ್ಟಗಾಗುತ್ತದೆ. ಈ 10 ಟ್ಯಾಪುಗಳ ಜೊತೆಗೆ ಕಾಯಿಲಿನ ಎರಡು ತುದಿ ಸೇರಿದರೆ 12. 1 ಪೋಲ್ 12 ವೇ ರೋಟರಿ ಸ್ವಿಚ್ಚಿಗೆ ಸರಿಯಾಯಿತು. ಸ್ವಿಚ್ಚಿನ ನಡುವಿನ ಕಾಲನ್ನು ಕಾಯಿಲಿನ 20ನೇ ಸುತ್ತಿನ ತುದಿಗೆ ಸೇರಿಸಿಬಿಡಿ. ಆಗ ಬಳಸದೆ ಉಳಿದ ಸುತ್ತುಗಳು ಶಾರ್ಟ್ ಆಗುತ್ತವೆ. ಅವನ್ನು ಹಾಗೇ ತೆರೆದು ಬಿಟ್ಟರೆ ಆ ತುದಿಯಲ್ಲಿ ಬೇಡದ ವೋಲ್ಟೇಜ್ ಏಳುತ್ತದೆ.

ಗ್ಯಾಂಗ್ ಕಂಡೆನ್ಸರ್

ಗ್ಯಾಂಗ್ ಅಂದರೆ ರೇಡಿಯೋದಲ್ಲಿ ಸ್ಟೇಷನ್ ಹುಡುಕಲು ತಿರುಗಿಸುವ, ಲೋಹದ ರೆಕ್ಕೆಗಳ ಕಂಡೆನ್ಸರ್. ವಾಲ್ವ್ ರೇಡಿಯೋದ ಎರಡು ಸೆಕ್ಷನ್ನಿನ ಗ್ಯಾಂಗ್ ಸಿಕ್ಕರೆ ಬಿಡಬೇಡಿ. ಪ್ರತಿ ಸೆಕ್ಷನ್ ಸುಮಾರು 500 ಪಿಕೋಫ್ಯಾರಡ್ ಬರುತ್ತದೆ. ಬೆಂಗಳೂರಿನ ಸಂಡೇ ಬಜಾರಿನಲ್ಲಿ ಸತ್ತ ರೇಡಿಯೋ ಹುಡುಕುವುದು ಒಂದು ದಾರಿ, ಅಜ್ಜನ ಮನೆಯ ಅಟ್ಟ ಇನ್ನೊಂದು. ಆದರೆ ಇನ್ನೂ ಹಾಡುತ್ತಿರುವ ರೇಡಿಯೋದ ಹೊಟ್ಟೆ ಬಗೆಯುವವರನ್ನು ನಾನಂತೂ ಕ್ಷಮಿಸುವುದಿಲ್ಲ. ರೆಕ್ಕೆಗಳು ಒಂದಕ್ಕೊಂದು ತಾಗುತ್ತಿವೆಯೇ ಎಂದು ಮಲ್ಟಿಮೀಟರ್ ಹಿಡಿದು ಪೂರ್ತಿ ತಿರುಗಿಸಿ ನೋಡಿ. ಧೂಳನ್ನು ಬ್ರಷ್ಷಿನಿಂದ ತೆಗೆಯಿರಿ.

ರೆಕ್ಕೆಗಳ ಸಂದು ಇಷ್ಟು ಚಿಕ್ಕದಿದೆ, ಕಿಡಿ ಹಾರದೇ? 50 ವ್ಯಾಟ್ ಶಕ್ತಿ 2000 ಓಮಿನ ತಂತಿಗೆ ಹೋಗುವಾಗಲೂ ಏಳುವ ಗರಿಷ್ಠ ವೋಲ್ಟೇಜ್ 450ರ ಆಸುಪಾಸು. ನೆಟ್ಟಗಿರುವ ಗ್ಯಾಂಗ್ ತಡೆದುಕೊಳ್ಳುತ್ತದೆ. ಟ್ರಾನ್ಸಿಸ್ಟರ್ ರೇಡಿಯೋದ ಪ್ಲಾಸ್ಟಿಕ್ ಗ್ಯಾಂಗ್ ಮಾತ್ರ 5 ವ್ಯಾಟಿನ ಮೇಲೆ ಬೇಡ.

ಗ್ಯಾಂಗಿನ ಚೌಕಟ್ಟನ್ನು ಅರ್ಥಿಗೆ, ಒಂದು ಸೆಕ್ಷನ್ನಿನ ಸ್ಥಿರ ರೆಕ್ಕೆಯನ್ನು ಟಾಗಲ್‌ನ ನಡುಗಾಲಿಗೆ ಸೇರಿಸಿ. ಟಾಗಲ್‌ನ ಎರಡು ತುದಿಗಾಲುಗಳು ಕಾಯಿಲಿನ ಎರಡು ತುದಿಗೆ. ಕಾಯಿಲಿನ ಒಂದು ತುದಿ ರಿಗ್ಗಿಗೆ, ಇನ್ನೊಂದು ಆಂಟೆನಾ ತಂತಿಗೆ. ಎರಡನೇ ಸೆಕ್ಷನ್ನನ್ನು ಇನ್ನೊಂದು ಆನ್-ಆಫ್ ಸ್ವಿಚ್ಚಿನ ಮೂಲಕ ಮೊದಲನೆಯದಕ್ಕೆ ಜೋಡಿಸಿದರೆ ಬೇಕೆಂದಾಗ 1000 ಪಿಕೋಫ್ಯಾರಡ್ ಸಿಗುತ್ತದೆ. ಎಲ್ಲವನ್ನೂ ಪ್ಲಾಸ್ಟಿಕ್ ಡಬ್ಬದಲ್ಲಿ ಕೂರಿಸಿ. ಸ್ಟೀಲ್ ಡಬ್ಬ ನೋಡಲು ಚೆಂದ, ಆದರೆ ಕಾಯಿಲ್ ಪಕ್ಕದಲ್ಲೇ ಕಬ್ಬಿಣ ಬಂದರೆ ನಷ್ಟ.

ತಂತಿಗೆ ಎದುರಾಗಿ 33 ಅಡಿಯ ಇನ್ನೊಂದು ಇನ್ಸುಲೇಟೆಡ್ ತಂತಿಯನ್ನು ಟೆರೇಸಿನ ಮೋಟುಗೋಡೆಯುದ್ದಕ್ಕೂ ಹಾಸಿ, ಟ್ಯೂನರಿನ ಅರ್ಥ್ ಬಿಂದುವಿಗೆ ಸೇರಿಸಿ. ಹ್ಯಾಮ್‌ಗಳು ಇದನ್ನು ಕೌಂಟರ್‌ಪಾಯ್ಸ್ ಅನ್ನುತ್ತಾರೆ. ಇದೇನು ಮಹಾ ಎಂದು ನಾನು ಬಿಟ್ಟಿದ್ದೆ. ಮೊದಲ ದಿನ ಮಾತಾಡುವಾಗ ಮೈಕಿನ ಲೋಹದ ಜಾಲರಿ ತುಟಿಗೆ ಚುರುಕ್ ಎಂದು ಕಚ್ಚಿತು. ಸಂಜೆಯೊಳಗೆ 33 ಅಡಿ ತಂತಿ ಹಾಸಿದ್ದಾಯಿತು.

ಮ್ಯಾಚ್ ಮಾಡುವುದು

ಮೊದಲ ದಿನ ರಿಗ್ಗನ್ನೇ ಟೆರೇಸಿನ ಹೆಡ್‌ರೂಮಿಗೆ ಹೊತ್ತೊಯ್ಯಿರಿ. ರಿಗ್, ಎಸ್‌ಡಬ್ಲ್ಯೂಆರ್ ಮೀಟರ್, ಟ್ಯೂನರ್, ತಂತಿ: ಈ ಕ್ರಮದಲ್ಲಿ ಜೋಡಣೆ. ಪ್ರಸಾರ ಮಾಡದೆ ಬರೀ ಕೇಳುತ್ತ ರೋಟರಿಯನ್ನೂ ಗ್ಯಾಂಗನ್ನೂ ತಿರುಗಿಸಿ. ಒಂದು ಕಡೆ ಗೊರಗೊರ ಸದ್ದು ಒಮ್ಮೆಗೇ ಏರುತ್ತದೆ. ನಿಮ್ಮ ಮ್ಯಾಚ್ ಅಲ್ಲೇ ಹತ್ತಿರದಲ್ಲಿದೆ. ಆಮೇಲೆ ಆ ಫ್ರೀಕ್ವೆನ್ಸಿ ಖಾಲಿಯಿದೆಯೇ ಎಂದು ಕೇಳಿ, ಕಾಲ್‌ಸೈನ್ ಹೇಳಿ, 5 ವ್ಯಾಟಿನಲ್ಲಿ ಕೀ ಒತ್ತಿ ಗ್ಯಾಂಗನ್ನು ನಿಧಾನ ಹೊರಳಿಸಿ. ಸೂಜಿ ಇಳಿಯದಿದ್ದರೆ ಕೀ ಬಿಟ್ಟು, ಟ್ಯಾಪ್ ಒಂದು ಮನೆ ಸರಿಸಿ, ಮತ್ತೆ ಒತ್ತಿ. ಕೀ ಒತ್ತಿದಾಗ ರೋಟರಿ ತಿರುಗಿಸಲೇಬೇಡಿ, ಕಿಡಿ ಹಾರಿ ಸ್ವಿಚ್ಚಿನ ಕಾಂಟ್ಯಾಕ್ಟ್ ಸುಡುತ್ತದೆ. ಯಾವ ಟ್ಯಾಪಿಗೂ ಬಗ್ಗದಿದ್ದರೆ ಟಾಗಲ್ ಆಚೆ ಬದಿಗೆ ಹಾಕಿ ನೋಡಿ. 1.5ಕ್ಕೆ ಬಂದರೆ ಸಾಕು. ಅಲ್ಲಿ ವಾಪಸಾಗುವುದು ನೂರಕ್ಕೆ 4 ಪಾಲು ಮಾತ್ರ. 1:1 ಬರಲೇಬೇಕೆಂದು ರಾತ್ರಿಯಿಡೀ ಕೂರುವುದು ಬೇಡ.

ನಾಬುಗಳ ಜಾಗವನ್ನು ಡಬ್ಬದ ಮೇಲೇ ಮಾರ್ಕರಿನಲ್ಲಿ ಬರೆದಿಡಿ. ಬ್ಯಾಂಡ್ ಕಿರಿದಾದ್ದರಿಂದ ಮತ್ತೆ ಮತ್ತೆ ಮುಟ್ಟಬೇಕಾಗುವುದಿಲ್ಲ.

ಆಂಟೆನಾ ಬದಲಿಸುವ ರಿಲೇ ಡಬ್ಬ

14 ಮೆಗಾಹರ್ಟ್ಸಿನ ಡೈಪೋಲ್ 33 ಅಡಿ, ಸೈಟಿನೊಳಗೇ ಹಿಡಿಸುತ್ತದೆ. ಅದನ್ನೂ ಕಟ್ಟಿದಿರೆಂದರೆ ಕೇಬಲ್ ಬದಲಿಸಲು ಮೆಟ್ಟಿಲು ಹತ್ತಿಳಿಯುವ ಕೆಲಸ ಶುರು. 12 ವೋಲ್ಟಿನ ನಾಲ್ಕು ಶುಗರ್ ಕ್ಯೂಬ್ ರಿಲೇಗಳಿದ್ದರೆ (ವಿದ್ಯುತ್ತಿನಿಂದ ತಿರುಗುವ ಪುಟ್ಟ ಸ್ವಿಚ್ಚುಗಳು) ಒಂದೇ ಕೋಯಾಕ್ಸ್ (ಟಿವಿ ಕೇಬಲಿನಂಥ ಕೇಬಲ್) ಕೆಳಗಿಳಿಸಿ ನಾಲ್ಕು ಆಂಟೆನಾ ಆಳಬಹುದು.

ರಿಲೇಯ ಕಾಮನ್ ಕಾಲಿಗೆ ಆಂಟೆನಾ, ಎನ್‌ಓ (ರಿಲೇ ಎಳೆದಾಗ ಕಾಮನ್‌ಗೆ ಸೇರುವ) ಕಾಲಿಗೆ ರಿಗ್ಗಿನಿಂದ ಬಂದ ಕೋಯಾಕ್ಸಿನ ಒಳತಂತಿ, ಎನ್‌ಸಿ (ಎಳೆಯದಿದ್ದಾಗ ಸೇರಿರುವ) ಕಾಲಿಗೆ ಅರ್ಥ್. ಹೀಗೆ ಜೋಡಿಸಿದರೆ ಆರಿಸದ ಆಂಟೆನಾಗಳೆಲ್ಲ ತಾವಾಗಿ ಅರ್ಥಾಗಿ ಕೂತಿರುತ್ತವೆ. ಪ್ರತಿ ರಿಲೇ ಕಾಯಿಲಿಗೆ ಅಡ್ಡಲಾಗಿ ಒಂದು 1ಎನ್4007 ಡಯೋಡು, ಬಿಳಿ ಪಟ್ಟಿ ಪ್ಲಸ್ ಕಡೆಗೆ. ಜೊತೆಗೆ 103 ಎಂದು ಬರೆದ ಡಿಸ್ಕ್ ಕಂಡೆನ್ಸರ್. ರಿಲೇಗಳನ್ನು ತಾಮ್ರದ ಹೊದಿಕೆಯ ಪಿಸಿಬಿ ಹಲಗೆಯ ಮೇಲೆ ಒತ್ತೊತ್ತಾಗಿ ಕೂರಿಸಿ. 5 ಸೆಂಟಿಮೀಟರ್ ತಂತಿ 7 ಮೆಗಾಹರ್ಟ್ಸ್‌ನಲ್ಲಿ ಲೆಕ್ಕಕ್ಕಿಲ್ಲ, 28ರಲ್ಲಿ ಕಾಟ ಕೊಡುತ್ತದೆ.

ಕಂಟ್ರೋಲಿಗೆ ಮೂಲೆಯಲ್ಲಿ ಬಿದ್ದಿರುವ ಲ್ಯಾನ್ ಕೇಬಲ್ ಸಾಕು. ರಿಲೇ ಎಳೆಯುವುದು 30 ಮಿಲಿಆಂಪ್ ಮಾತ್ರ. ಕೆಳಗಿನ ಕೋಣೆಯಲ್ಲಿ 1 ಪೋಲ್ 4 ವೇ ಸ್ವಿಚ್, ಅದಕ್ಕೆ ರಿಗ್ಗಿನ ಪವರ್ ಸಪ್ಲೈಯಿಂದ ಅರ್ಧ ಆಂಪಿನ ಫ್ಯೂಸ್ ಹಾಕಿ 12 ವೋಲ್ಟ್. ನಾಲ್ಕರಲ್ಲಿ ಒಂದು ಮನೆಯನ್ನು ಡಮ್ಮಿ ಲೋಡಿಗೆ (ಪ್ರಸಾರ ಹೊರಹೋಗದಂತೆ ಶಕ್ತಿ ಹೀರುವ ಹುಸಿ ಆಂಟೆನಾಗೆ) ಮೀಸಲಿಡಿ: 1 ಕಿಲೋಓಮ್, 2 ವ್ಯಾಟಿನ 20 ಮೆಟಲ್ ಫಿಲ್ಮ್ ರೆಸಿಸ್ಟರುಗಳನ್ನು ಪ್ಯಾರಲಲ್ ಆಗಿ ಬೆಸೆದರೆ 50 ಓಮ್, 40 ವ್ಯಾಟ್.

ಆಂಟೆನಾ ಅರ್ಥಾಗಿದೆ ಎಂದು ಸಿಡಿಲಿಗೆ ಸವಾಲು ಹಾಕಬೇಡಿ. ಭರಣಿ ಮಳೆಯ ಗುಡುಗು ದೂರದಲ್ಲಿ ಕೇಳುವ ಮೊದಲೇ, ಮೋಡ ಕಟ್ಟುವಾಗಲೇ ಕೋಯಾಕ್ಸನ್ನೂ ಲ್ಯಾನ್ ಕೇಬಲನ್ನೂ ಕಿತ್ತು ರಿಗ್ಗಿನಿಂದ ದೂರ ಇಡಿ. ಆಂಟೆನಾವನ್ನು ಅರ್ಥಿಗೆ ಸೇರಿಸಿದ ರಿಲೇ ಗಾಳಿಯಲ್ಲಿ ಏಳುವ ಸ್ಟ್ಯಾಟಿಕ್ಕನ್ನು ಇಳಿಸುತ್ತದೆ, ಸಿಡಿಲನ್ನಲ್ಲ.

ಡಬ್ಬದೊಳಗೆ ಕಟ್ಟುವ ತೇವ ಇಳಿದುಹೋಗಲು ತಳದಲ್ಲಿ ಒಂದು ತೂತು ಕೊರೆಯಬೇಕು. ನಾನೂ ಕೊರೆದಿದ್ದೆ. ಮಳೆಗಾಲ ಕಳೆಯುವಷ್ಟರಲ್ಲಿ ಮೂರನೇ ರಿಲೇ ಟಿಕ್ ಅನ್ನುವುದನ್ನೇ ನಿಲ್ಲಿಸಿತು. ಮೇಲೆ ಹೋಗಿ ಮುಚ್ಚಳ ತೆಗೆದರೆ ಕೆಂಪಿರುವೆಗಳು ಸಂಸಾರ ಹೂಡಿದ್ದವು. ಈಗ ಆ ತೂತಿಗೆ ಸೊಳ್ಳೆಪರದೆಯ ಚೂರೊಂದನ್ನು ಅಂಟಿಸಿದ್ದೇನೆ.