ಲೂಪಸ್ ರೋಗಿಗೆ ಹೊಟ್ಟೆನೋವು ಬಂದಾಗ

ಲೂಪಸ್, ಅಂದರೆ ದೇಹದ ರೋಗನಿರೋಧಕ ವ್ಯವಸ್ಥೆ ತನ್ನದೇ ಅಂಗಗಳ ಮೇಲೆ ತಿರುಗಿಬೀಳುವ ಕಾಯಿಲೆ, ಇರುವವರು ಕೀಲುನೋವು ಎಂದು ಬಂದರೆ ನನಗೆ ಗಾಬರಿಯಿಲ್ಲ. ಹೊಟ್ಟೆನೋವು ಎಂದರೆ ಕಿವಿ ನೆಟ್ಟಗಾಗುತ್ತದೆ. ಮೇಲುಹೊಟ್ಟೆಯಲ್ಲಿ ಶುರುವಾಗಿ ಬೆನ್ನಿಗೆ ಹರಿಯುವ ನೋವು, ಜೊತೆಗೆ ವಾಂತಿ. ಮನೆಯವರು ಇದನ್ನು 'ಗ್ಯಾಸ್ಟ್ರಿಕ್' ಎಂದುಕೊಂಡು ಮಾತ್ರೆ ಕೊಟ್ಟು ಕಾಯುತ್ತಾರೆ. ಮೇದೋಜೀರಕ ಗ್ರಂಥಿಯೇ (ಪ್ಯಾಂಕ್ರಿಯಾಸ್) ಊದಿಕೊಂಡಿದ್ದರೆ ಹಾಗೆ ಕಾಯುವುದು ಅಪಾಯ.

ನಾನು ನೋಡಿಕೊಂಡ ತರುಣಿಯೊಬ್ಬಳಿಗೆ ಬಾಯಿಹುಣ್ಣು, ಕೆನ್ನೆಯ ಮೇಲೆ ಕೆಂಪು, ಮೂತ್ರದಲ್ಲಿ ಪ್ರೋಟೀನ್ ಎಲ್ಲವೂ ಒಟ್ಟಿಗೆ ಕಾಣಿಸಿಕೊಂಡಿದ್ದವು. ರಕ್ತದಲ್ಲಿ, ಈ ಗ್ರಂಥಿಯ ಜೀರ್ಣಕಿಣ್ವವಾದ ಲೈಪೇಸ್ ಸಾಮಾನ್ಯ ಮಿತಿಯ ಮೂರು ಪಟ್ಟನ್ನು ದಾಟಿತ್ತು. ಇನ್ನೊಂದು ಕಿಣ್ವ ಅಮೈಲೇಸ್ ಒಂದನ್ನೇ ನಾನು ನಂಬುವುದಿಲ್ಲ; ಲೂಪಸ್‌ನಲ್ಲಿ ಗ್ರಂಥಿ ಚೆನ್ನಾಗಿದ್ದರೂ ಅದು ಏರಬಹುದು. ಸ್ಕ್ಯಾನ್‌ನಲ್ಲಿ ಈ ಊತಕ್ಕೆ ಕಾರಣವಾಗಬಲ್ಲ ಪಿತ್ತಕೋಶದ ಕಲ್ಲು ಇರಲಿಲ್ಲ. ಉಳಿದ ಕಾರಣಗಳೂ ಕಾಣಲಿಲ್ಲ: ಮದ್ಯದ ಅಭ್ಯಾಸವಿಲ್ಲ, ರಕ್ತದ ಕೊಬ್ಬಾದ ಟ್ರೈಗ್ಲಿಸರೈಡ್ ಮತ್ತು ಕ್ಯಾಲ್ಸಿಯಂ ಸರಿಯಾಗಿದ್ದವು. ಗ್ರಂಥಿಗೆ ತೊಂದರೆ ಕೊಡಬಲ್ಲ ಅಜಥಯೋಪ್ರಿನ್ ಎಂಬ ಲೂಪಸ್ ಔಷಧಿಯನ್ನು ಅವಳು ತೆಗೆದುಕೊಳ್ಳುತ್ತಿರಲಿಲ್ಲ. ಲೂಪಸ್ ಕೆರಳಿದಾಗ ಇಳಿಯುವ ರಕ್ತದ ಪ್ರೋಟೀನ್‌ಗಳಾದ ಸಿ3, ಸಿ4 ಮಾತ್ರ ಕುಸಿದಿದ್ದವು. ಅಂದರೆ ಲೂಪಸ್ ಕೆರಳಿತ್ತು. ಅದೇ ಗ್ರಂಥಿಯನ್ನೂ ತಾಕಿತ್ತು. ಸಣ್ಣ ರಕ್ತನಾಳಗಳ ಉರಿಯೂತದಿಂದಲೂ ಹೆಪ್ಪುಗಟ್ಟಿದ ರಕ್ತದಿಂದಲೂ ಹೀಗಾಗಬಹುದಾದ್ದರಿಂದ ರಕ್ತ ಹೆಪ್ಪುಗಟ್ಟಿಸುವ ಪ್ರತಿಕಾಯಗಳನ್ನು ಹುಡುಕುವ ಆಂಟಿಫಾಸ್ಫೊಲಿಪಿಡ್ ಪರೀಕ್ಷೆಯನ್ನೂ ಮಾಡಿಸಿದೆ.

ನಿಜವಾದ ಜಗ್ಗಾಟ ಲೂಪಸ್ ತಗ್ಗಿಸಲು ಕೊಡುವ ಸ್ಟೀರಾಯ್ಡ್ ವಿಷಯದಲ್ಲಿ. "ಅದರಿಂದಲೇ ಹೀಗಾಗಿದೆ, ನಿಲ್ಲಿಸಿಬಿಡಿ ಡಾಕ್ಟರೇ" ಎಂದು ಅವಳ ತಂದೆ ಕೈಮುಗಿದರು. ಆ ಭಯ ವೈದ್ಯರಲ್ಲೂ ಇದೆ. ಆದರೆ ಲೂಪಸ್‌ನಲ್ಲಿ ಈ ತೊಂದರೆ ವರದಿಯಾದದ್ದು 1939ರಲ್ಲಿ; ಈ ಬಗೆಯ ಸ್ಟೀರಾಯ್ಡ್‌ಗಳಲ್ಲಿ ಮೊದಲನೆಯದಾದ ಕಾರ್ಟಿಸೋನ್ ಮೊದಲ ರೋಗಿಗೆ ಸಿಕ್ಕಿದ್ದು 1948ರಲ್ಲಿ. ಬಹುಕಾಲದಿಂದ ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿರುವವರಲ್ಲಿ ಅದನ್ನು ಥಟ್ಟನೆ ನಿಲ್ಲಿಸಿದರೆ ರಕ್ತದೊತ್ತಡ ಬಿದ್ದು ಜೀವಕ್ಕೇ ಸಂಚಕಾರ. ಇದನ್ನೆಲ್ಲ ಅವರಿಗೆ ಕುಳಿತು ವಿವರಿಸಿದೆ. ಸೋಂಕಿಲ್ಲವೆಂದು ಖಚಿತಪಡಿಸಿಕೊಂಡು ಮೀಥೈಲ್ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಅನ್ನು ರಕ್ತನಾಳದ ಮೂಲಕ ಕೊಟ್ಟೆ.

ಉಳಿದದ್ದು ಈ ಗ್ರಂಥಿಯ ಊತದ, ಅಂದರೆ ಎಲ್ಲ ಪ್ಯಾಂಕ್ರಿಯಾಟೈಟಿಸ್‌ಗೂ ಮಾಡುವಂಥದ್ದೇ: ಡ್ರಿಪ್, ನೋವಿಗೆ ಔಷಧಿ, ಸಕ್ಕರೆಯ ಮೇಲೆ ಕಣ್ಣು. ವಾಂತಿ ನಿಂತ ಕೂಡಲೇ ಗಂಜಿ ಕೊಡಿಸಿದೆ. ಬಹಳ ದಿನ ಉಪವಾಸ ಕೆಡವುವುದರಲ್ಲಿ ನನಗೆ ನಂಬಿಕೆಯಿಲ್ಲ. ರಕ್ತದಲ್ಲಿ ಪ್ಲೇಟ್‌ಲೆಟ್ ಇಳಿದು, ಕಬ್ಬಿಣ ಕೂಡಿಡುವ ಪ್ರೋಟೀನ್ ಆದ ಫೆರಿಟಿನ್ ಏರುತ್ತಿದೆಯೇ ಎಂದು ಮತ್ತೆ ಮತ್ತೆ ನೋಡುತ್ತಿದ್ದೆ. ಹಾಗಾದರೆ ರೋಗನಿರೋಧಕ ಕೋಶಗಳು ಹದ್ದುಮೀರಿ ಕೆರಳುವ ಮ್ಯಾಕ್ರೊಫೇಜ್ ಆಕ್ಟಿವೇಶನ್ ಎಂಬ ಇನ್ನೂ ದೊಡ್ಡ ಗಂಡಾಂತರ. ಮಕ್ಕಳಲ್ಲಂತೂ ಇದನ್ನು ಮರೆಯಲೇಬಾರದು.

ಅವಳು ಚೇತರಿಸಿಕೊಂಡಳು. ಲೂಪಸ್ ಹತೋಟಿಯಲ್ಲಿಡುವ ಹೈಡ್ರಾಕ್ಸಿಕ್ಲೋರೊಕ್ವಿನ್ ಮುಂದುವರಿದಿದೆ, ಸ್ಟೀರಾಯ್ಡ್ ನಿಧಾನವಾಗಿ ಇಳಿಯುತ್ತಿದೆ. ಈಗ ನನ್ನ ಲೂಪಸ್ ರೋಗಿಗಳ ಚೀಟಿಯಲ್ಲೆಲ್ಲ ದಪ್ಪ ಅಕ್ಷರದಲ್ಲಿ ಬರೆಯುತ್ತೇನೆ: ಹೊಟ್ಟೆನೋವಿನ ಜೊತೆ ವಾಂತಿಯಾಗಿ ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಿದ್ದರೆ ಅಂದೇ ಆಸ್ಪತ್ರೆಗೆ ಬನ್ನಿ, ಲೈಪೇಸ್ ಪರೀಕ್ಷೆ ಕೇಳಿ, ನೀವು ತೆಗೆದುಕೊಳ್ಳುತ್ತಿರುವ ಸ್ಟೀರಾಯ್ಡ್ ಅನ್ನು ಇಂಜೆಕ್ಷನ್ ರೂಪದಲ್ಲಿ ಪಡೆಯಿರಿ.