ಹೊಸಬರಿಗೆ ಮಾರ್ಗದರ್ಶಿ: ಸೂರಿನ ಮೇಲಿನ ಸ್ನೋ, ಮರದ ಮೇಲಿನ ಸ್ನೋ

ಬಾಸ್ಟನ್ ಸುತ್ತಮುತ್ತ ಮೊದಲ ಸಲ ಸ್ವಂತ ಮನೆ ತೆಗೆದುಕೊಂಡ ಕುಟುಂಬಗಳಿಗಾಗಿ ಇದನ್ನು ಬರೆಯುತ್ತಿದ್ದೇವೆ. ಅಪಾರ್ಟ್‌ಮೆಂಟಿನಲ್ಲಿ ಬಾಡಿಗೆಗೆ ಇರುವವರಿಗೆ ಛಾವಣಿಯ ತಲೆನೋವಿಲ್ಲ, ಕಾಫಿ ಕುಡಿಯುತ್ತಾ ಓದಿ. ಕಾಂಡೋ (ಸ್ವಂತ ಫ್ಲಾಟ್) ಆದರೆ ಛಾವಣಿ ಯಾರ ಹೊಣೆ ಎಂದು ಅಸೋಸಿಯೇಷನ್ನಿನವರನ್ನು ಈಗಲೇ ಕೇಳಿಟ್ಟುಕೊಳ್ಳಿ. ಉಳಿದವರು, ಗೃಹಪ್ರವೇಶದ ತೋರಣ ಬಿಚ್ಚುವ ಮುಂಚೆ ಒಮ್ಮೆ ಸೂರಿನ ಕಡೆ ತಲೆಯೆತ್ತಿ ನೋಡಿ. ನಾನು ನೋಡಿರಲಿಲ್ಲ.

ನಾನು ತೀರ್ಥಹಳ್ಳಿ ಕಡೆಯವನು. ಮಳೆಗಾಲಕ್ಕೆ ಮುಂಚೆ ಅಪ್ಪನ ಜೊತೆ ಮಾಡು ಹತ್ತಿ ಹಂಚು ಕೈಯಾಡಿಸಿ ಬೆಳೆದವನು. ಛಾವಣಿ ವಿಷಯ ನನಗೆ ಯಾರೂ ಹೇಳಿಕೊಡಬೇಕಿಲ್ಲ ಎಂಬ ಧಿಮಾಕು ಇತ್ತು. 2015ರ ಚಳಿಗಾಲ ಅದನ್ನು ಇಳಿಸಿತು. ಆ ಸೀಸನ್ನಿನಲ್ಲಿ ಬಾಸ್ಟನ್ನಿಗೆ ಬಿದ್ದದ್ದು 110.6 ಇಂಚು, ಫೆಬ್ರವರಿ ಒಂದರಲ್ಲೇ 64.8. ಒಂದು ಬೆಳಿಗ್ಗೆ ದೇವರ ಕೋಣೆಯ ಮೂಲೆಯಲ್ಲಿ ಟಪ್ ಟಪ್ ಶಬ್ದ. ಸೀಲಿಂಗಿನಲ್ಲಿ ಊಟದ ತಟ್ಟೆಯಷ್ಟಗಲ ಚಹಾ ಬಣ್ಣದ ಕಲೆ. ಸುತ್ತಿಗೆ ಹಿಡಿದು ಏಣಿ ಹತ್ತಿದೆ. ಸೂರಿನ ಅಂಚಿನಲ್ಲಿ ಗಟ್ಟಿಯಾಗಿದ್ದ ಐಸಿಗೆ ನಾಲ್ಕು ಏಟು ಹಾಕಿದೆ. ಐಸಿನ ಜೊತೆ ಎರಡು ಶಿಂಗಲ್ಲೂ (ಇಲ್ಲಿ ಹಂಚಿನ ಬದಲು ಛಾವಣಿಗೆ ಹೊದಿಸುವ ತೆಳು ಹಾಳೆ) ಕಿತ್ತು ಬಂದವು. ಐದನೇ ಏಟಿಗೆ ಏಣಿಯ ಕಾಲು ಜಾರಿತು. ಎಡ ಮಣಿಕಟ್ಟು ಮುರಿದು ಆರು ವಾರ ಪ್ಲಾಸ್ಟರ್. "ಇದು ಹಂಚಿನ ಮನೆ ಅಲ್ಲ" ಎಂದು ನನ್ನ ಹೆಂಡತಿ ಇವತ್ತಿಗೂ ಹೇಳುತ್ತಾಳೆ.

ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ: ಛಾವಣಿ ಹತ್ತಬೇಡಿ. ಏಣಿ ಹಾಕಿ ಅರ್ಧದವರೆಗೂ ಬೇಡ. ಕೆಲಸ ಏನಿದ್ದರೂ ನೆಲದ ಮೇಲೆ ನಿಂತೇ ಆಗಬೇಕು.

ನೀರು ಯಾಕೆ ಒಳಗೆ ಬರುತ್ತದೆ?

ಮನೆಯ ಬಿಸಿಗಾಳಿ ಸಂದುಗಳಿಂದ ಅಟ್ಟಕ್ಕೆ ಏರುತ್ತದೆ. ಅಟ್ಟ ಬೆಚ್ಚಗಾದರೆ ಛಾವಣಿಯ ಮೇಲಿನ ಸ್ನೋ ತಳದಿಂದ ಕರಗುತ್ತದೆ. ಆ ನೀರು ಇಳಿದು ಸೂರಿಗೆ ಬಂದಾಗ ಕೆಳಗೆ ಬಿಸಿ ಇಲ್ಲ, ಅಲ್ಲಿ ಮತ್ತೆ ಹೆಪ್ಪುಗಟ್ಟುತ್ತದೆ. ದಿನದಿನಕ್ಕೆ ಐಸಿನ ಕಟ್ಟೆ ಬೆಳೆಯುತ್ತದೆ. ಹಿಂದಿನಿಂದ ಬಂದ ನೀರಿಗೆ ದಾರಿ ಇಲ್ಲದೆ ಶಿಂಗಲ್ ಅಡಿಗೆ ನುಗ್ಗಿ ಮನೆಯೊಳಗೆ ಇಳಿಯುತ್ತದೆ. ಇಲ್ಲಿಯವರು ಇದನ್ನು ಐಸ್ ಡ್ಯಾಮ್ ಅನ್ನುತ್ತಾರೆ. ಸೂರಿನಲ್ಲಿ ಸಾಲಾಗಿ ಐಸಿನ ಕೋಲುಗಳು ನೇತಾಡುತ್ತಿದ್ದರೆ ಚೆನ್ನಾಗಿದೆ ಅಂತ ಫೋಟೋ ತೆಗೆದು ಊರಿಗೆ ಕಳಿಸುತ್ತೇವಲ್ಲ, ಅದೇ ಮೊದಲ ಎಚ್ಚರಿಕೆ.

ಪಕ್ಕದ ಮನೆಗಳ ಛಾವಣಿ ಬೆಳ್ಳಗಿದ್ದು ನಿಮ್ಮದು ಮಾತ್ರ ಬೇಗ ಕಪ್ಪಗೆ ಕಂಡರೆ ಖುಷಿಪಡಬೇಡಿ. ನಿಮ್ಮ ಹೀಟಿಂಗ್ ದುಡ್ಡು ಅಟ್ಟದಿಂದ ಹೊರಗೆ ಹೋಗುತ್ತಿದೆ. ನಿಜವಾದ ಮದ್ದು ಅಟ್ಟದ ಸಂದು ಮುಚ್ಚಿ ಬಿಸಿ ತಡೆಯುವ ಇನ್ಸುಲೇಷನ್ ಹಾಕಿಸುವುದು. ಮ್ಯಾಸಚೂಸೆಟ್ಸಿನ ಇಂಧನ ಉಳಿತಾಯದ ಮ್ಯಾಸ್ ಸೇವ್ ಯೋಜನೆಯಲ್ಲಿ ಮನೆಗೇ ಬಂದು ಪುಕ್ಕಟೆ ತಪಾಸಣೆ ಮಾಡುತ್ತಾರೆ. ಪುಕ್ಕಟೆ ಅಂದರೂ ನಮ್ಮ ಜನ ಫೋನ್ ಮಾಡುವುದಿಲ್ಲ!

ರೂಫ್ ರೇಕ್

ನೆಲದ ಮೇಲೆ ನಿಂತೇ ಛಾವಣಿಯ ಸ್ನೋ ಎಳೆಯುವ ಸಾಧನ. ಮಾವಿನಕಾಯಿ ಕೀಳುವ ದೋಟಿ ಗೊತ್ತಲ್ಲ, ಅದರ ತಮ್ಮ ಇದು. ಉದ್ದನೆಯ ಅಲ್ಯೂಮಿನಿಯಂ ಕೋಲು, ತುದಿಗೆ ಅಡ್ಡ ಹಲಗೆ. ಹಲಗೆಗೆ ಪುಟ್ಟ ಚಕ್ರ ಇರುವುದನ್ನೇ ಕೊಳ್ಳಿ, ಇಲ್ಲದಿದ್ದರೆ ಶಿಂಗಲ್ ಕೆರೆಯುತ್ತದೆ. ನವೆಂಬರಿನೊಳಗೇ ಕೊಳ್ಳಿ. ಸ್ನೋ ಬೀಳುವ ಹಿಂದಿನ ದಿನ ಹಾರ್ಡ್‌ವೇರ್ ಅಂಗಡಿಗೆ ಓಡಿದರೆ ಸಿಗುವುದು ಖಾಲಿ ಗೂಟ ಮಾತ್ರ.

ಕೋಲು ಎತ್ತುವ ಮುಂಚೆ ಕಂಬದಿಂದ ಮನೆಗೆ ಬರುವ ಕರೆಂಟ್ ತಂತಿ ಎಲ್ಲಿದೆ ನೋಡಿ. ಅಲ್ಯೂಮಿನಿಯಂ ತಂತಿಗೆ ತಗುಲಿದರೆ ಕಥೆ ಮುಗಿಯಿತು. ಆ ಬದಿಯನ್ನು ಬಿಟ್ಟುಬಿಡಿ. ಸೂರಿನ ನೇರ ಕೆಳಗೆ ನಿಲ್ಲದೆ ಹಿಂದೆ ಸರಿದು, ಸ್ವಲ್ಪ ಪಕ್ಕಕ್ಕೆ ನಿಲ್ಲಿ. ಅಂಚಿನಿಂದ ಶುರು ಮಾಡಿ, ಸ್ವಲ್ಪ ಸ್ವಲ್ಪವೇ ಕೆಳಕ್ಕೆ ಎಳೆಯಿರಿ. ಒಂದೇ ಸಲ ಜಾಸ್ತಿ ಎಳೆದರೆ ಮೇಲಿನದೆಲ್ಲ ಒಟ್ಟಿಗೆ ಜಾರಿ ಕೋಲಿನ ಸಮೇತ ನಿಮ್ಮ ಮೇಲೆ ಬರುತ್ತದೆ. ಪುಡಿ ಕೋಲಿನುದ್ದಕ್ಕೂ ಇಳಿದು ತೋಳಿನೊಳಗೆ, ಕಾಲರಿನೊಳಗೆ ಸೇರುತ್ತದೆ. ಮೇಲುಡುಪಿನ ಗುಂಡಿ ಪೂರ್ತಿ ಹಾಕಿಕೊಳ್ಳಿ. ಸೂರಿನಿಂದ ಮೂರು ನಾಲ್ಕು ಅಡಿ ತೆರವಾದರೆ ಸಾಕು. ಇಡೀ ಛಾವಣಿಯನ್ನು ಅಂಗಳ ಸಾರಿಸಿದ ಹಾಗೆ ಹೊಳೆಯಿಸಲು ಹೋಗಬೇಡಿ. ಒಂದೆರಡು ಇಂಚು ಪದರ ಉಳಿಯಲಿ, ಶಿಂಗಲ್ ಉಳಿಯುತ್ತದೆ. ಸೋಲಾರ್ ಪ್ಯಾನೆಲ್ ಮೇಲೆ ರೇಕ್ ಹಾಕಬೇಡಿ. ಆ ಹೊತ್ತಿಗೆ ಮಕ್ಕಳು ಒಳಗಿರಲಿ. ಸೂರಿನ ಕೆಳಗೆ ಗುಹೆ ತೋಡಿ ಆಡುವುದಂತೂ ಯಾವತ್ತೂ ಬೇಡ.

ಐಸ್ ಕಟ್ಟೆ ಆಗಿಯೇಬಿಟ್ಟಿದ್ದರೆ ಸುತ್ತಿಗೆ ಬೇಡ, ಕೊಡಲಿ ಬೇಡ. ಬಿಸಿನೀರೂ ಬೇಡ, ಹೊಯ್ದ ನೀರು ಮೆಟ್ಟಿಲ ಮೇಲೆ ಗಾಜಾಗುತ್ತದೆ, ಅದರ ಮೇಲೆ ನೀವೇ ಜಾರುತ್ತೀರಿ. ಕಲ್ಲುಪ್ಪು ಹಾಕಿದರೆ ಸೂರಿನಂಚಿನ ನೀರಿನ ಗಟರೂ ಹಾಳು, ಕೆಳಗಿನ ಗಿಡವೂ ಹಾಳು. ಹಳೆಯ ನೈಲಾನ್ ಸ್ಟಾಕಿಂಗ್ಸ್‌ಗೆ ಕ್ಯಾಲ್ಸಿಯಂ ಕ್ಲೋರೈಡ್ ತುಂಬಿ ಕಟ್ಟೆಗೆ ಅಡ್ಡಲಾಗಿ ಇಟ್ಟರೆ ನೀರಿಗೆ ಒಂದು ಕಾಲುವೆ ಆಗುತ್ತದೆ. ನೆಲದಿಂದ ಇಡಲು ಆಗದಿದ್ದರೆ ಹಬೆಯಿಂದ ಐಸ್ ಕರಗಿಸುವವರನ್ನು ಕರೆಸಿ. ಬಾಯಿಮಾತಿಗೆ ಒಪ್ಪಬೇಡಿ, ದರ ಬರೆಸಿಕೊಳ್ಳಿ, ಇನ್ಶೂರೆನ್ಸ್ ಪತ್ರ ಕೇಳಿ. ಆ ವರ್ಷ ನನ್ನ ಹತ್ತಿರ ಒಬ್ಬ ಹೇಳಿದ್ದಕ್ಕೆ ಎರಡರಷ್ಟು ಕಿತ್ತುಕೊಂಡ. ಪ್ಲಾಸ್ಟರ್ ಹಾಕಿದ ಕೈಯಲ್ಲಿ ಜಗಳ ಆಡೋಕಾಗುತ್ತಾ? ಸೋರಿದ ಜಾಗದ ಫೋಟೋ ತೆಗೆದು ನಿಮ್ಮ ಮನೆಯ ಇನ್ಶೂರೆನ್ಸಿನವರಿಗೂ ಅವತ್ತೇ ತಿಳಿಸಿ.

ಎಷ್ಟು ಭಾರ?

ಆರು ಇಂಚು ಬಿದ್ದ ಕೂಡಲೇ ಗಾಬರಿಯಾಗಬೇಡಿ. ಇಲ್ಲಿನ ಮನೆಗಳನ್ನು ಸ್ನೋ ಲೆಕ್ಕ ಹಾಕಿಯೇ ಕಟ್ಟಿರುತ್ತಾರೆ. ಅಡಿ ದಪ್ಪದ ಹಗುರ ಸ್ನೋ ಚದರಡಿಗೆ ಸುಮಾರು 5 ಪೌಂಡ್. ಅದೇ ಒದ್ದೆ ಸ್ನೋ ಆದರೆ 20 ಪೌಂಡ್ ಆಗಬಹುದು. ಸಾವಿರ ಚದರಡಿಗೆ 9 ಟನ್, ಅಂದರೆ ಹತ್ತಿರಹತ್ತಿರ ಎರಡು ದಸರಾ ಆನೆ. ಸ್ನೋ ಮೇಲೆ ಮಳೆ ಬಂದಾಗ ಹುಷಾರು. ನೆನೆಸಿದ ಅವಲಕ್ಕಿ ಹಾಗೆ ನೀರೆಲ್ಲ ಕುಡಿದು ಕೂತಿರುತ್ತದೆ. ಸಮತಟ್ಟಾದ ಗ್ಯಾರೇಜು, ಪೋರ್ಚು ಮೊದಲು ನೋಡಿ.

ಇವು ಕಂಡರೆ ಮನೆ ಬಿಟ್ಟು ಹೊರಗೆ ಬಂದು 911ಕ್ಕೆ ಫೋನ್ ಮಾಡಿ:
- ನಿನ್ನೆವರೆಗೆ ಸಲೀಸಾಗಿದ್ದ ಬಾಗಿಲು ಇವತ್ತು ಬಿಗಿ
- ಗೋಡೆ, ಸೀಲಿಂಗಿನಲ್ಲಿ ಹೊಸ ಬಿರುಕು
- ಜೋತುಬಿದ್ದ ಸೀಲಿಂಗ್
- ಮೇಲಿನಿಂದ ಕಟಕಟ ಸದ್ದು

ಮರಗಳು

2011ರ ಅಕ್ಟೋಬರ್ 29. ದೀಪಾವಳಿ ಮುಗಿದು ಮೂರೇ ದಿನ. ಮರಗಳಲ್ಲಿ ಇನ್ನೂ ಎಲೆ ಇತ್ತು, ಅದರ ಮೇಲೆ ಒದ್ದೆ ಸ್ನೋ. ರಾತ್ರಿಯಿಡೀ ಕೊಂಬೆಗಳು ಪಟಾಕಿ ಹಾಗೆ ಮುರಿದವು. ಲಕ್ಷಾಂತರ ಮನೆಗಳಿಗೆ ಕರೆಂಟ್ ಹೋಯಿತು, ಎಷ್ಟೋ ಕಡೆ ದಿನಗಟ್ಟಲೆ.

ಎಳೆಯ ಮರ, ಬೇಲಿಯ ಗಿಡ ಬಾಗಿದ್ದರೆ ಪೊರಕೆಯಿಂದ ಕೆಳಗಿನಿಂದ ಮೇಲಕ್ಕೆ ಮೆಲ್ಲಗೆ ಎತ್ತಿ ಉದುರಿಸಿ. ಕೆಳಗಿನ ಕೊಂಬೆ ಮೊದಲು. ಮೇಲಿನದು ಮೊದಲು ಉದುರಿಸಿದರೆ ಕೆಳಗಿನದಕ್ಕೆ ಎರಡು ಪಟ್ಟು ಭಾರ. ನೆಲ್ಲಿಕಾಯಿ ಮರ ಅಲುಗಾಡಿಸಿದ ಹಾಗೆ ಬುಡ ಹಿಡಿದು ಅಲ್ಲಾಡಿಸಬೇಡಿ. ಕೊಂಬೆಗೆ ಐಸ್ ಅಂಟಿದ್ದರೆ ಮುಟ್ಟಲೇಬೇಡಿ, ತಾನಾಗಿ ಕರಗಲಿ, ಬಡಿದರೆ ಮುರಿಯುತ್ತದೆ. ದೊಡ್ಡ ಮರದ ಕೊಂಬೆ ಅರ್ಧ ಮುರಿದು ನೇತಾಡುತ್ತಿದ್ದರೆ ಕೆಳಗೆ ಓಡಾಡದೆ ಅರ್ಬರಿಸ್ಟ್‌ಗೆ (ಮರ ಕಡಿದು ಸವರುವ ತಜ್ಞ) ಹೇಳಿ. ತಂತಿ ಮೇಲೆ ಬಿದ್ದಿದ್ದರೆ ಹತ್ತಿರ ಹೋಗದೆ ಕರೆಂಟ್ ಕಂಪನಿಗೆ ಫೋನ್. ತಂತಿಯೇ ಹರಿದು ನೆಲಕ್ಕೆ ಬಿದ್ದಿದ್ದರೆ 911.

ಇನ್ನೆರಡು ವಿಷಯ

ರೂಫಿನಿಂದ ಎಳೆದ ಸ್ನೋ ಗೋಡೆ ಪಕ್ಕ ರಾಶಿ ಬೀಳುತ್ತದೆ. ಅಲ್ಲೇ ಹೀಟರಿನ ಹೊಗೆ ಕೊಳವೆ ಇರುತ್ತದೆ. ಅದು ಮುಚ್ಚಿದರೆ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಗಾಳಿ ಒಳಗೆ ತುಂಬುತ್ತದೆ. ವಾಸನೆ ಇಲ್ಲ, ಬಣ್ಣ ಇಲ್ಲ. ಈ ರಾಜ್ಯದಲ್ಲಿ ಅದರ ಅಲಾರಂ ಕಡ್ಡಾಯ. ಆ ಕಾನೂನನ್ನು ಇಲ್ಲಿ ನಿಕೋಲ್ ಕಾನೂನು ಅನ್ನುತ್ತಾರೆ. 2005ರ ಜನವರಿಯಲ್ಲಿ ಪ್ಲಿಮತ್‌ನಲ್ಲಿ ಹೀಗೆ ಸ್ನೋ ಮುಚ್ಚಿದ ಕೊಳವೆಯಿಂದ ತೀರಿಕೊಂಡ 7 ವರ್ಷದ ಮಗುವಿನ ಹೆಸರು ಅದು. ರೇಕ್ ಕೆಲಸ ಮುಗಿದ ಮೇಲೆ ಕೊಳವೆ ಬಿಡಿಸದೆ ಒಳಗೆ ಹೋಗಬೇಡಿ.

ಊರಿಂದ ಬಂದ ಅಪ್ಪ, ಮಾವ ಕೈಕಟ್ಟಿ ಕೂರುವುದಿಲ್ಲ, ನೀವು ಆಫೀಸಿಗೆ ಹೋದಾಗ ಸ್ನೋ ಎತ್ತುವ ಷವೆಲ್ ಹಿಡಿಯುತ್ತಾರೆ. ಚಳಿಯಲ್ಲಿ ಭಾರ ಎತ್ತಿದರೆ ಹೃದಯಕ್ಕೆ ಪೆಟ್ಟು. ಬಿಪಿ, ಶುಗರ್ ಇದ್ದರಂತೂ ಬೇಡವೇ ಬೇಡ. ಷವೆಲ್ಲನ್ನು ಕಾರಿನ ಡಿಕ್ಕಿಯಲ್ಲಿ ಹಾಕಿಕೊಂಡು ಹೋಗಿ, ನಾನು ಹಾಗೇ ಮಾಡುವುದು.

ನಮ್ಮ ಕನ್ನಡ ಕೂಟದಲ್ಲಿ ಎರಡು ರೂಫ್ ರೇಕ್ ಇವೆ, ಸದಸ್ಯರು ಎರಡು ದಿನಕ್ಕೆ ತೆಗೆದುಕೊಂಡು ಹೋಗಬಹುದು. ಸರಿಯಾಗಿ ಹೇಳಬೇಕೆಂದರೆ ಈಗ ಒಂದೇ ಇದೆ. ಇನ್ನೊಂದನ್ನು ಕಳೆದ ಸಂಕ್ರಾಂತಿಗೆ ಒಯ್ದವರು ದಯವಿಟ್ಟು ರಾಜ್ಯೋತ್ಸವಕ್ಕೆ ಬರುವಾಗ ತನ್ನಿ.